ಗಾಲಿ ಮೇಲಿನ ಚಳಿಗಾಲ

ಕೆ.ಇ.ಬಿ.ಯಲ್ಲಿ ಕೆಲಸಕ್ಕೆ ಸೇರಿದವನಿಗೆ ಮನೆ ಅಂದರೆ ಒಂದು ಲಾರಿಯಲ್ಲಿ ಹಿಡಿಸುವಷ್ಟು ಸಾಮಾನು. ಶಿರಹಟ್ಟಿ, ಸವಣೂರು, ಶಿರಸಿ, ಬೈಲಹೊಂಗಲ – ಒಂದೂರಿನ ನೀರು ಒಗ್ಗುವಷ್ಟರಲ್ಲಿ ವರ್ಗಾವಣೆ ಆದೇಶ ಬಂದಿರುತ್ತಿತ್ತು. ಕಬ್ಬಿಣದ ಕಪಾಟಿಗೆ ಹಗ್ಗ ಬಿಗಿದು ಇಳಿಸುವುದು, ಉಪ್ಪಿನಕಾಯಿ ಭರಣಿಯನ್ನು ಯಾರ ಕೈಗೂ ಕೊಡದೆ ನನ್ನಾಕೆ ತೊಡೆಯ ಮೇಲಿಟ್ಟುಕೊಂಡು ಡ್ರೈವರ್ ಪಕ್ಕ ಕೂರುವುದು, ಹೊಸ ಕ್ವಾರ್ಟರ್ಸಿನಲ್ಲಿ ಮೊದಲು ಸ್ಟೋವ್ ಹುಡುಕುವುದು. ನಿವೃತ್ತಿಯಾದ ದಿನ ಹುಬ್ಬಳ್ಳಿಯ ಮನೆಯ ಕಟ್ಟೆಗೆ ಕೂತು, ‘ಇನ್ನು ಈ ಸಾಮಾನು ಅಲುಗಾಡೂದಿಲ್ಲ’ ಎಂದು ಘೋಷಿಸಿದ್ದೆ. ಅಂಥವನು ಅಮೆರಿಕದ ಅರಿಝೋನಾದಲ್ಲಿ ಮನೆಗೇ ಗಾಲಿ ಕಟ್ಟಿಕೊಂಡು ಊರೂರು ಅಲೆಯುವ ಮುದುಕರನ್ನು ಕಂಡರೆ ತಲೆ ಕೆಟ್ಟಿದೆ ಅನ್ನದೆ ಇನ್ನೇನು ಅಂದಾನು?

ಮಗಳು ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿದ್ದಾಳೆ. ಅವಳ ಬಾಣಂತನಕ್ಕೆಂದು ಹೋದವರು ನಾವು. ನನ್ನಾಕೆಗೆ ಕೈತುಂಬ ಕೆಲಸ; ನನಗೆ ಮಾತ್ರ ಕೂಸು ಮಲಗಿದಾಗ ಟಿ.ವಿ. ದನಿ ತಗ್ಗಿಸುವುದು, ಎದ್ದಾಗ ಏರಿಸುವುದು. ನನ್ನ ಪಾಡು ನೋಡಲಾರದೆ ಅಳಿಯ ಒಂದು ಭಾನುವಾರ ಮೆಸಾ ಊರಿನ ಆರ್.ವಿ. ರೆಸಾರ್ಟಿಗೆ ಕರೆದುಕೊಂಡು ಹೋದ. ಅವನ ಸಹೋದ್ಯೋಗಿಯ ತಂದೆತಾಯಿ ಕೆನಡಾದಿಂದ ಬಂದು ಅಲ್ಲಿ ಇಳಿದುಕೊಂಡಿದ್ದರು.

ಆರ್.ವಿ. ಅಂದರೆ ಅಡುಗೆಮನೆ, ಮಂಚ, ಬಚ್ಚಲು ಎಲ್ಲವೂ ಇರುವ ಬಸ್ಸು, ಇಲ್ಲವೇ ಪಿಕಪ್ ಗಾಡಿಯ ಹಿಂದೆ ಕೊಂಡಿ ಹಾಕಿ ಎಳೆಯುವ ಡಬ್ಬಿ. ಆ ಕೆನಡಾದ ಹಿರಿಯ ಸಸ್ಕ್ಯಾಚುವಾನ್ ಪ್ರಾಂತ್ಯದಲ್ಲಿ ಗೋಧಿ ಬೆಳೆಯುತ್ತಿದ್ದವನು. ಅಲ್ಲಿ ಜನವರಿಯಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯುವುದೂ ಉಂಟು; ಇಲ್ಲಿ ಹಗಲು ಇಪ್ಪತ್ತರ ಹಿತವಾದ ಬಿಸಿಲು. ಇಂಥವರನ್ನು ಇಲ್ಲಿಯವರು ಸ್ನೋಬರ್ಡ್ ಅನ್ನುತ್ತಾರೆ. ಶಿರಹಟ್ಟಿಯಲ್ಲಿದ್ದಾಗ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುತ್ತಿದ್ದ ಪಟ್ಟೆತಲೆ ಹೆಬ್ಬಾತುಗಳು ನೆನಪಾದವು. ಅವೂ ಹೀಗೇ, ಚಳಿಗಾಲ ಕಳೆದ ಮೇಲೆ ಒಂದು ದಿನವೂ ಹೆಚ್ಚು ನಿಲ್ಲುತ್ತಿರಲಿಲ್ಲ. ಇವರಿಗೆ ಗಡುವು ಹಾಕಿರುವುದು ಕಾನೂನು. ಆರು ತಿಂಗಳು ಮೀರಿದರೆ ಅಮೆರಿಕದ ತೆರಿಗೆಯವರ ಕಣ್ಣು ಬೀಳುತ್ತದೆ, ಇನ್ನೂ ಹೆಚ್ಚು ನಿಂತರೆ ಊರಲ್ಲಿ ಸರ್ಕಾರಿ ಆರೋಗ್ಯ ಸೌಲಭ್ಯಕ್ಕೂ ಕುತ್ತು ಬರಬಹುದು. ‘ನಮಗೂ ವೀಸಾ ಆರೇ ತಿಂಗಳು’ ಅಂದೆ. ಆತ ಕೈಕುಲುಕಿದ. ಒಂದೇ ಜೈಲಿನಲ್ಲಿದ್ದವರಿಗೆ ಬೇಗ ಗೆಳೆತನವಾಗುತ್ತದೆ.

ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅವರ ಹೂಕುಂಡವಲ್ಲ, ಗಾಡಿಯ ಪಕ್ಕದ ಕರೆಂಟ್ ಕಂಬ. ಸೊಂಟದೆತ್ತರದ ತಗಡಿನ ಪೆಟ್ಟಿಗೆ; ಒಳಗೆ ಮೂರು ಪಿನ್ನಿನ 30 ಆಂಪಿಯರ್ ಸಾಕೆಟ್ಟು, ನಾಲ್ಕು ಪಿನ್ನಿನ 50 ಆಂಪಿಯರ್ ಸಾಕೆಟ್ಟು, ಪ್ರತಿಯೊಂದಕ್ಕೂ ಬ್ರೇಕರು, ಮೇಲೊಂದು ಮೀಟರು. 30 ಮತ್ತು 50 ಅಂದರೆ ಇಪ್ಪತ್ತರ ವ್ಯತ್ಯಾಸ ಅಂದುಕೊಂಡವನು ಕೆಟ್ಟ. ಮೊದಲನೆಯದು 120 ವೋಲ್ಟಿನ ಒಂದೇ ಲೈನು, ಸಿಗುವುದು 3,600 ವಾಟ್. ಎರಡನೆಯದರಲ್ಲಿ ಅಂಥ ಎರಡು ಲೈನು, ಒಟ್ಟು 12,000 ವಾಟ್. ಚಿಕ್ಕ ಸಾಕೆಟ್ಟಿಗೆ ಚುಚ್ಚಿ ಹೀಟರನ್ನೂ ಮೈಕ್ರೋವೇವನ್ನೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳಲೂಬಹುದು. ಇದನ್ನು ಆತನ ಹೆಂಡತಿಗೆ ಬಿಡಿಸಿ ಹೇಳಿದೆ. ‘ಇಷ್ಟು ವರ್ಷ ಇವರು ನನ್ನ ಕೇಕ್ ಓವನ್ನಿನ ಮೇಲೆ ತಪ್ಪು ಹೊರಿಸುತ್ತಿದ್ದರು’ ಎಂದಳು ಆ ತಾಯಿ. ದೇಶ ಬಿಟ್ಟು ಹದಿನಾಲ್ಕು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ ನನ್ನ ವಿದ್ಯೆ ಕೆಲಸಕ್ಕೆ ಬಂತು.

ಇನ್ನು ಕೊಳಚೆಯ ವಿಷಯ. ಗಾಡಿಯ ಹೊಟ್ಟೆಯಲ್ಲಿ ಎರಡು ತೊಟ್ಟಿ: ಶೌಚದ್ದೊಂದು, ಸ್ನಾನ-ಪಾತ್ರೆ ತೊಳೆದ ನೀರಿನದೊಂದು. ಕೈಗವಸು ತೊಟ್ಟು, ದಪ್ಪ ಕೊಳವೆ ಸಿಕ್ಕಿಸಿ, ಮೊದಲು ಶೌಚದ ತೊಟ್ಟಿಯ ಬಾಯಿ ತೆರೆಯಬೇಕು. ಆಮೇಲೆ ಎರಡನೆಯದು, ಅದರ ಸಾಬೂನು ನೀರು ಕೊಳವೆಯನ್ನು ತೊಳೆದುಕೊಂಡು ಹೋಗಲಿ ಎಂದು. ಕಂಪನಿ ನಡೆಸಿದವನಾಗಲಿ, ಕಾಲೇಜಿನಲ್ಲಿ ಪಾಠ ಹೇಳಿದವನಾಗಲಿ, ಈ ಕೆಲಸ ತಾನೇ ಮಾಡಬೇಕು. ನಮ್ಮಲ್ಲಿ ಎಷ್ಟು ಮಂದಿ ದೊಡ್ಡವರು ಮಾಡಿಯಾರು ಎಂದು ಲೆಕ್ಕ ಹಾಕಿ, ಹೆಸರುಗಳನ್ನು ನನ್ನಲ್ಲೇ ಇಟ್ಟುಕೊಂಡೆ.

ಈ ಅಲೆದಾಟ ಅಮೆರಿಕದವರಿಗೆ ಇವತ್ತು ಹತ್ತಿದ ಹುಚ್ಚಲ್ಲ. ಫೋರ್ಡ್ ಕಾರು ಸಾಮಾನ್ಯರ ಕೈಗೆ ಬಂದದ್ದೇ ತಡ, ಜನ ಚಳಿಗೆ ಬೆನ್ನು ತಿರುಗಿಸಿ ಫ್ಲಾರಿಡಾ ಕಡೆ ಹೊರಟರು. 1919ರಲ್ಲಿ ಟ್ಯಾಂಪಾದ ಡಿಸೊಟೊ ಪಾರ್ಕಿನಲ್ಲಿ ಡೇರೆ ಹಾಕಿದವರು ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘವನ್ನೇ ಕಟ್ಟಿದರು. ಡಬ್ಬಿಯ ಊಟ ಉಂಡು, ಖಾಲಿ ಡಬ್ಬಿಯೊಂದನ್ನು ಕಾರಿನ ರೇಡಿಯೇಟರ್ ಮುಚ್ಚಳಕ್ಕೆ ಬೆಸುಗೆ ಹಾಕಿಸಿಕೊಂಡರೆ ಸದಸ್ಯನ ಗುರುತು. ವಾಲಿ ಬಯಾಮ್ ಎಂಬಾತ ಕಾರಿನ ಚಾಸಿಯ ಮೇಲೆ ಡೇರೆ ಕಟ್ಟಿದ. ಒಲೆಯಿಲ್ಲದ ಡೇರೆಗೆ ಬರುವುದಿಲ್ಲ ಎಂದು ಹೆಂಡತಿ ಹಟ ಹಿಡಿದಳಂತೆ. ಅಡುಗೆಮನೆ ಸೇರಿಸಿದ, ಮಾಡು ಹೊದಿಸಿದ, ಕೊನೆಗೆ 1931ರಲ್ಲಿ ಏರ್‌ಸ್ಟ್ರೀಮ್ ಕಂಪನಿ ತೆರೆದ. 1936ರಲ್ಲಿ ಅದು ತಂದ ಕ್ಲಿಪ್ಪರ್, ಅಲ್ಯುಮಿನಿಯಂ ತಗಡನ್ನು ರಿವೆಟ್ ಹೊಡೆದು ಜೋಡಿಸಿದ ಥಳಥಳಿಸುವ ಡಬ್ಬಿ. ಉಪ್ಪಿನಕಾಯಿ ಭರಣಿ ಹಿಡಿದು ಕೂತವಳ ಗಂಡ ನಾನು. ಆ ಹೆಂಗಸಿನ ಹಟದ ಬೆಲೆ ನನಗೆ ಗೊತ್ತು.

ಮರುಭೂಮಿಗೆ ಮುದುಕರನ್ನು ಕರೆದದ್ದು ಮಾತ್ರ ಡೆಲ್ ವೆಬ್ ಎಂಬ ಬಿಲ್ಡರ್. 1960ರ ಜನವರಿ 1ರಂದು ಫೀನಿಕ್ಸ್ ಹೊರಗಿನ ಹತ್ತಿಹೊಲಗಳ ನಡುವೆ ಅವನು ‘ಸನ್ ಸಿಟಿ’ ತೆರೆದಾಗ ಮಾದರಿ ಮನೆ ನೋಡಲು ಬಂದ ಕಾರುಗಳ ಸಾಲು ಮೈಲಿಗಟ್ಟಲೆ ನಿಂತಿತ್ತು. ವಯಸ್ಸಾದವರಿಗೇ ಬೇರೆ ಊರು ಎಂಬ ಕಲ್ಪನೆ ಅಲ್ಲಿಂದ ಬೆಳೆದು ಕಾನೂನೂ ಆಯಿತು: ನೂರಕ್ಕೆ ಎಂಬತ್ತು ಮನೆಗಳಲ್ಲಿ 55 ತುಂಬಿದವರು ಒಬ್ಬರಾದರೂ ಇದ್ದರೆ ಕಿರಿಯ ಕುಟುಂಬಗಳನ್ನು ದೂರ ಇಡಬಹುದು. ಮೊಮ್ಮಕ್ಕಳು ಕೆಲವು ದಿನದ ಅತಿಥಿಗಳಾಗಿ ಬರಬಹುದು, ಬಿಡಾರ ಹೂಡುವಂತಿಲ್ಲ. ಇದನ್ನು ಕೇಳಿ ನನ್ನಾಕೆ, ‘ರೀ, ಇವರ ಹೊಟ್ಟೆ ಕಲ್ಲೇನು?’ ಎಂದಳು. ರಾತ್ರಿ ಎರಡಕ್ಕೆ ಕೂಸು ಮೂರನೇ ಸಲ ಎದ್ದಾಗ ಅದನ್ನು ನೆನಪಿಸಿದೆ, ಉತ್ತರ ಬರಲಿಲ್ಲ.

ಜನವರಿ ಕೊನೆಗೆ ಕ್ವಾರ್ಟ್‌ಸೈಟ್ ನೋಡಿದೆವು. ಫೀನಿಕ್ಸ್‌ನಿಂದ ಪಶ್ಚಿಮಕ್ಕೆ ಸುಮಾರು 200 ಕಿಲೋಮೀಟರ್. ಕಾಯಂ ಜನ ಎರಡೂವರೆ ಸಾವಿರದ ಆಸುಪಾಸು. ಚಳಿಗಾಲದಲ್ಲಿ ಸುತ್ತಲ ಮರುಭೂಮಿಯಲ್ಲಿ ಬಂದು ನಿಲ್ಲುವವರು ಲಕ್ಷಗಟ್ಟಲೆ. ಇಲ್ಲಿ ರೆಸಾರ್ಟಿನ ಈಜುಕೊಳವಿಲ್ಲ, ಕರೆಂಟ್ ಕಂಬವಿಲ್ಲ. ಜಮೀನು ಒಕ್ಕೂಟ ಸರ್ಕಾರದ ಭೂ ನಿರ್ವಹಣಾ ಇಲಾಖೆಯದು. 1983ರಿಂದ ಆ ಇಲಾಖೆ ದೀರ್ಘ ವಾಸಕ್ಕೆಂದೇ ಜಾಗ ಗುರುತಿಸಿ, ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಪರವಾನಗಿ ಕೊಡುತ್ತದೆ. ನಾವು ಹೋದಾಗ ಏಳು ತಿಂಗಳಿಗೆ 180 ಡಾಲರ್. ನೀರು ತಂದುಕೊಳ್ಳಬೇಕು, ಕರೆಂಟು ಸೂರ್ಯನದು. ಜಾಲಿಯಂಥ ಕ್ರಿಯೋಸೋಟ್ ಪೊದೆಗಳ ನಡುವೆ ಕಣ್ಣು ಹಾಯುವವರೆಗೂ ಬಿಳಿ ಡಬ್ಬಿಗಳು, ಪ್ರತಿಯೊಂದರ ಮುಂದೆ ಮಡಚುವ ಕುರ್ಚಿ. ಊರೊಳಗೆ ಕಲ್ಲಿನ ಸಂತೆ: ಅಗೇಟು, ಪಚ್ಚೆ, ಮರವೇ ಕಲ್ಲಾದ ತುಂಡುಗಳು, ಮಣ್ಣಿನ ಬೆಲೆಗೂ ಚಿನ್ನದ ಬೆಲೆಗೂ.

ಎಲ್ಲರೂ ಸುಖಕ್ಕೆ ಬಂದವರಲ್ಲ. ಮನೆಯ ಕಂತು ಕಟ್ಟಲಾಗದೆ ಗಾಡಿಯನ್ನೇ ಮನೆ ಮಾಡಿಕೊಂಡವರು, ಬೀಟ್ ಗಡ್ಡೆ ಕೀಳುವ ಸುಗ್ಗಿಗೂ ಗೋದಾಮಿನ ಕೂಲಿಗೂ ಎಪ್ಪತ್ತರ ವಯಸ್ಸಿನಲ್ಲಿ ಹೋಗುವವರು ಪಕ್ಕದಲ್ಲೇ ಇರುತ್ತಾರೆ. ಜೆಸಿಕಾ ಬ್ರೂಡರ್ 2017ರಲ್ಲಿ ಬರೆದ ‘ನೊಮ್ಯಾಡ್‌ಲ್ಯಾಂಡ್’ ಇವರ ಪುಸ್ತಕ. ಅದರ ಸಿನಿಮಾಕ್ಕೆ 2021ರಲ್ಲಿ ಆಸ್ಕರ್ ಬಂತು. ಡಬ್ಬಿಯ ಹೊರಬಣ್ಣ ನೋಡಿ ಯಾರು ಯಾರೆಂದು ಹೇಳಲಾಗದು.

ಕ್ವಾರ್ಟ್‌ಸೈಟ್ ಊರಿನ ಸ್ಮಶಾನದಲ್ಲಿ ಕಲ್ಲಿನ ಪುಟ್ಟ ಪಿರಮಿಡ್ಡು, ತುದಿಯಲ್ಲಿ ಲೋಹದ ಒಂಟೆ. 1850ರ ದಶಕದಲ್ಲಿ ಯುದ್ಧಮಂತ್ರಿ ಜೆಫರ್ಸನ್ ಡೇವಿಸ್ ಈ ಮರುಭೂಮಿಗೆ ಒಂಟೆಗಳೇ ಸರಿ ಎಂದು ಸಂಸತ್ತಿನಿಂದ 30,000 ಡಾಲರ್ ಮಂಜೂರು ಮಾಡಿಸಿ, ಎರಡು ಕಂತಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಒಂಟೆ ತರಿಸಿದ. ಜೊತೆಗೆ ಬಂದ ಒಂಟೆಯಾಳು ಹಾಜಿ ಅಲಿ. ಸೈನಿಕರ ನಾಲಗೆ ಹೊರಳದೆ ಅವನು ‘ಹೈ ಜಾಲಿ’ಯಾದ. ಒಂಟೆಗಳು ಹೊರೆಯನ್ನೇನೋ ಹೊತ್ತವು. ಆದರೆ ಅವುಗಳ ವಾಸನೆಗೇ ಕುದುರೆ, ಹೇಸರಗತ್ತೆಗಳು ಬೆದರಿ ಓಡುತ್ತಿದ್ದವು. ಅಂತರ್ಯುದ್ಧ ಬಂತು, ಒಂಟೆಗಳು ಹರಾಜಾದವು, ರೈಲು ಬಂತು. ಅಲಿ ಊರಿಗೆ ಮರಳಲಿಲ್ಲ. ಅಲ್ಲಿ ಇಲ್ಲಿ ಸರಕು ಸಾಗಿಸಿ, ಗಣಿ ಹುಡುಕಿ, 1902ರಲ್ಲಿ ಇಲ್ಲೇ ತೀರಿಕೊಂಡ. 1935ರಲ್ಲಿ ಈ ಸ್ಮಾರಕ ಎದ್ದಿತು. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದ ಸ್ನೋಬರ್ಡ್ ಇಲ್ಲ.

ಅಷ್ಟೆಲ್ಲ ನೋಡಿದ ಮೇಲೂ ನಾನು ಹೊಟ್ಟೆಕಿಚ್ಚು ಪಟ್ಟದ್ದು ಅವರ ಗಾಡಿಗಲ್ಲ, ಮೆಸಾ ರೆಸಾರ್ಟಿನ ಕರಕುಶಲ ಕೆಲಸದ ಶೆಡ್ಡಿಗೆ. ಒಂದು ಮೇಜಿನಲ್ಲಿ ಕ್ವಾರ್ಟ್‌ಸೈಟಿನಿಂದ ಹೆಕ್ಕಿ ತಂದ ಕಲ್ಲಿಗೆ ನೀರು ಬಿಟ್ಟು ಸಾಣೆ ಹಿಡಿಯುತ್ತಿದ್ದರು, ಇನ್ನೊಂದರಲ್ಲಿ ಮರದ ಬಾತುಕೋಳಿ ಕೆತ್ತುತ್ತಿದ್ದರು. ಗೋಡೆಯ ಮೇಲೆ ಪ್ರತಿ ಉಪಕರಣದ ಆಕಾರ ಬಣ್ಣದಲ್ಲಿ ಬರೆದಿತ್ತು, ಇಕ್ಕಳ ಕಾಣೆಯಾದರೆ ಅದರ ನೆರಳು ಹೇಳುತ್ತದೆ. ಎಂಬತ್ತರ ಮುದುಕನೊಬ್ಬ ಹೊಸಬನಿಗೆ ಉಳಿ ಹಿಡಿಯುವುದನ್ನು ಕಲಿಸುತ್ತಿದ್ದ, ಹೊಸಬನಿಗೆ ಎಪ್ಪತ್ತೆರಡು. ಅಲ್ಲಿ ಯಾರೂ ‘ಹೊತ್ತು ಹೋಗ್ತಾ ಇಲ್ಲ’ ಅನ್ನುತ್ತಿರಲಿಲ್ಲ.

ಹುಬ್ಬಳ್ಳಿಯ ನಮ್ಮ ಬಡಾವಣೆಯ ಉದ್ಯಾನದಲ್ಲಿ ನಡೆಯಲು ಹಾದಿಯಿದೆ, ನಗುವ ಕೂಟವಿದೆ, ಶಾಸಕರ ಹೆಸರಿನ ಬೆಂಚುಗಳಿವೆ. ನಿವೃತ್ತರು ಅವುಗಳ ಮೇಲೆ ಕೂತು ಸಕ್ಕರೆಯ ಪ್ರಮಾಣ ಚರ್ಚಿಸುತ್ತೇವೆ. ಪಾಲಿಕೆಯವರಲ್ಲಿ ನನ್ನದೊಂದು ಅರಿಕೆ: ಮುಂದಿನ ಸಲ ಅನುದಾನ ಬಂದಾಗ ಬೆಂಚು ಬೇಡ. ಮೂಲೆಯಲ್ಲಿ ಒಂದು ತಗಡಿನ ಶೆಡ್ಡು, ಒಂದು ಗಟ್ಟಿ ಮೇಜು, ಒಂದು ಕರೆಂಟ್ ಪಾಯಿಂಟು ಕೊಡಿ. ಕೆಟ್ಟ ಮಿಕ್ಸರುಗಳನ್ನು ಜನ ತರಲಿ, ವೈರಿಂಗ್ ನಾನು ನೋಡಿಕೊಳ್ಳುತ್ತೇನೆ.