ಕರೆದರೆ ಬಾರದ ಬೇಟೆನಾಯಿ

ರಾಯಚೂರಿನಿಂದ ದೇವದುರ್ಗದ ಬಸ್ಸು ಹತ್ತಿದರೆ ಗಬ್ಬೂರು ದಾಟುವ ತನಕ ಕಿಟಕಿಯ ಎರಡೂ ಕಡೆ ಬಯಲೇ ಬಯಲು. ಒಂದಿಷ್ಟು ದೂರ ಕಪ್ಪು ಎರೆ, ಒಂದಿಷ್ಟು ದೂರ ಕೆಂಪು ಮಸಾರಿ. ನಡುನಡುವೆ ಯಾರೋ ಪೇರಿಸಿಟ್ಟಂತೆ ಕಾಣುವ ಬಂಡೆಗಲ್ಲಿನ ಗುಡ್ಡಗಳು, ಅವುಗಳ ಬುಡದಲ್ಲಿ ಬಳ್ಳಾರಿ ಜಾಲಿಯ ಪೊದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ನದಿಗಳ ನಡುವಿನ ನೆಲಕ್ಕಾಗಿ ವಿಜಯನಗರದವರೂ ಬಿಜಾಪುರದವರೂ ಕಾದಾಡಿದ್ದನ್ನು, 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದದ್ದನ್ನು ಶಾಲೆಯ ಮಕ್ಕಳು ಓದಿರುತ್ತಾರೆ. ಪಠ್ಯಪುಸ್ತಕದಲ್ಲಿ ಬಾರದ ಸಂಗತಿ ಇನ್ನೊಂದಿದೆ: ಹೀಗೆ ಕಣ್ಣು ಹಾಯುವಷ್ಟು ದೂರ ತೆರೆದುಕೊಂಡ ಬಯಲು ಬೇಟೆನಾಯಿಗೆ ಹೇಳಿ ಮಾಡಿಸಿದ ಜಾಗ.

ಉದ್ದ ಕಾಲು, ಬೆನ್ನಿಗೆ ಹತ್ತಿದ ಹೊಟ್ಟೆ, ಚೂಪು ಮೂತಿ, ಸಪೂರ ಕುತ್ತಿಗೆ. ಮುಧೋಳದ ನಾಯಿ ಎಂದು ನಾಡೆಲ್ಲ ಹೆಸರಾದ ಜಾತಿ ಇದೇ. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ಅರಸರು ಇದನ್ನು ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಮುಧೋಳದ ಅಪ್ಪಟ ತಳಿಯೋ ಬೆರಕೆಯೋ, ಅಂತೂ ಇದರ ಮೈಕಟ್ಟಿನ ನಾಯಿಗಳು ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲೂ ಕಾಣಸಿಗುತ್ತವೆ. ಇದು ನೆಲ ಮೂಸಿ ಬೇಟೆಯಾಡುವ ಜಾತಿಯಲ್ಲ. ಕಣ್ಣಿಂದ ಕಂಡು, ಓಡಿ ಹಿಡಿಯುವ ಜಾತಿ. ದೂರದಲ್ಲಿ ಒಂದು ಮೊಲ ಎದ್ದರೆ ಸಾಕು, ಕಿವಿ ಇದ್ದೂ ಕಿವುಡಾಗುತ್ತದೆ.

ಯುಗಾದಿಯ ಆಸುಪಾಸಿನಲ್ಲಿ ಊರ ಗಂಡಸರೆಲ್ಲ ಬಡಿಗೆ, ಬಲೆ, ನಾಯಿ ಕಟ್ಟಿಕೊಂಡು ಮೊಲದ ಬೇಟೆಗೆ ಹೋಗುವ ರೂಢಿ ಈ ಸೀಮೆಯಲ್ಲಿ ಬಹಳ ಹಳೆಯದು. ಬೇಡ ನಾಯಕರು ಆಳಿದ ನಾಡಿದು, ಆಶ್ಚರ್ಯವೇನಿಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮೊಲವೂ ಸರ್ಕಾರದ ರಕ್ಷಣೆಯಲ್ಲಿದೆ. ಬಲೆ ಹಾಕಿದರಷ್ಟೇ ಬೇಟೆ ಅಂದುಕೊಂಡವರು ಅನೇಕರು. ನಾಯಿ ಬಿಟ್ಟು ಅಟ್ಟಿಸುವುದನ್ನೂ ಕಾಯ್ದೆ ಬೇಟೆಯೆಂದೇ ಕರೆಯುತ್ತದೆ. ಇತ್ತ ಕಾಲುವೆ ಬಂದು ನೆಲದ ಚಹರೆಯೇ ಬದಲಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಮಾನ್ವಿ ಕಡೆ ಭತ್ತದ ಗದ್ದೆಗಳಾದವು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ದೇವದುರ್ಗದ ಹೊಲಗಳಿಗೂ ಹರಿಯಿತು. ಮೊಲ ಓಡುವ ಜಾಗದಲ್ಲಿ ಈಗ ಭತ್ತ ಕಟಾವಿನ ಯಂತ್ರ, ಲಾರಿ, ಟ್ರ್ಯಾಕ್ಟರು.

ಹಾಗಾದರೆ ನಾಯಿಯ ಗತಿ? ಬೇಟೆ ಬಿಟ್ಟವರ ನಾಯಿ ಕೈ ಬದಲಾಗುತ್ತದೆ. ರಾಯಚೂರು ಪೇಟೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಶಾಲೆಗೆ ಹೋಗುವ ಹುಡುಗ ನಾಯಿ ಬೇಕೆಂದು ಹಟ ಹಿಡಿದಿದ್ದಾನೆ. ಹಳ್ಳಿಯ ಮಾವ ಮೂರು ವರ್ಷದ, ಪಳಗಿದ ಬೇಟೆನಾಯಿಯೊಂದನ್ನು ತಂದು ಅಂಗಳದಲ್ಲಿ ಕಟ್ಟುತ್ತಾನೆ. ನೋಡಲು ಚೆಂದ, ಕಚ್ಚುವುದಿಲ್ಲ, ಜೋಳದ ರೊಟ್ಟಿ ಹಾಲಿನಲ್ಲಿ ನೆನೆಸಿಟ್ಟರೆ ತಿಂದು ಮಲಗುತ್ತದೆ. ನಾಲ್ಕನೆಯ ದಿನ ಹಗ್ಗ ಬಿಚ್ಚಿದಾಗ ಗೊತ್ತಾಗುತ್ತದೆ ಅದರ ಅಸಲು ಗುಣ. ಗೇಟಿನ ಸಂದಿಯಲ್ಲಿ ಒಂದು ಬೆಕ್ಕು ಕಂಡಿತೋ, ನಾಯಿ ಬೀದಿಯ ಕೊನೆಯಲ್ಲಿ! ಹುಡುಗ ಅದರ ಹೆಸರು ಕೂಗುತ್ತ ಹಿಂದೆ ಓಡುತ್ತಾನೆ. ಇವನು ಓಡಿದಷ್ಟೂ ಅದೂ ಓಡುತ್ತದೆ. ಅದರ ಲೆಕ್ಕದಲ್ಲಿ ಇಬ್ಬರೂ ಸೇರಿ ಬೇಟೆಗೆ ಹೊರಟಂತೆ.

ಇದು ನಗುವ ಮಾತಲ್ಲ. ಮಾನ್ವಿಯ ಮೇಲೆ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ಹಗಲು ರಾತ್ರಿ ಲಾರಿಗಳ ಸಾಲು. ಓಡುವ ನಾಯಿಗೆ ರಸ್ತೆ ಕಾಣುವುದಿಲ್ಲ. ಊರ ಹೊರಗೆ ಕುರಿ ಹಿಂಡು ಸಿಕ್ಕಿದರೆ ಅದಕ್ಕಿಂತ ಕಷ್ಟ. ಒಂದು ಮರಿಗೆ ಬಾಯಿ ಹಾಕಿದರೂ ಕುರಿಗಾರನ ಕೈಯ ಬಡಿಗೆ ಸುಮ್ಮನಿರದು, ಅವನನ್ನು ತಪ್ಪಿತಸ್ಥ ಎನ್ನುವಂತೆಯೂ ಇಲ್ಲ. ಕರೆದರೆ ಬರುವುದೆಂದರೆ ಇಂಥ ನಾಯಿಗೆ ಜೀವ ಉಳಿಸಿಕೊಳ್ಳುವ ವಿದ್ಯೆ.

ಮರಿಗೆ ಕಲಿಸಬಹುದು, ಬಲಿತ ನಾಯಿಗೆ ಆಗದು ಎಂಬ ಮಾತಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಗಾದೆಯನ್ನೂ ಮುಂದಿಡುತ್ತಾರೆ. ನಾಯಿಯ ಮಟ್ಟಿಗೆ ಈ ಗಾದೆ ಅರ್ಧ ಮಾತ್ರ ನಿಜ. ಬಲಿತ ನಾಯಿಗೆ ಕಲಿಯುವ ಶಕ್ತಿ ಹೋಗಿರುವುದಿಲ್ಲ. ಬೇರೆ ಏನನ್ನೋ ಆಗಲೇ ಚೆನ್ನಾಗಿ ಕಲಿತಿರುತ್ತದೆ, ಅಷ್ಟೇ. ‘ಛೂ’ ಎಂದರೆ ನುಗ್ಗಬೇಕೆಂದು ಅದಕ್ಕೆ ಗೊತ್ತು. ಹಿಂದಕ್ಕೆ ಕರೆಯುವ ಮಾತನ್ನು ಅದಕ್ಕೆ ಯಾರೂ ಕಲಿಸಿಲ್ಲ, ಏಕೆಂದರೆ ಓಟ ಮುಗಿದ ಮೇಲೆ ಅದು ತಾನಾಗಿಯೇ ಬರುತ್ತಿತ್ತು. ಇನ್ನು ಹೆಸರು. ಹೆಸರು ಹಿಡಿದು ಬೈದು, ಹೆಸರು ಹಿಡಿದು ಹೊಡೆದು ಅದು ಕೆಟ್ಟ ಸುದ್ದಿಯ ಸದ್ದಾಗಿಬಿಟ್ಟಿರುತ್ತದೆ.

ಆದ್ದರಿಂದ ಮೊದಲ ಕೆಲಸ, ಹೊಸ ಕರೆ ಹುಡುಕುವುದು. ಹಿಂದಿನ ಮನೆಯಲ್ಲಿ ಕೇಳಿರದ ಸದ್ದಾದರೆ ಒಳ್ಳೆಯದು. ಸಿಳ್ಳೆ ಎಲ್ಲಕ್ಕಿಂತ ವಾಸಿ: ದೂರ ಕೇಳುತ್ತದೆ, ಅದರಲ್ಲಿ ಕೂಗುವವನ ಸಿಟ್ಟು ಬೆರೆಯುವುದಿಲ್ಲ. ಆಟದ ಮೇಷ್ಟ್ರ ಪೀಪಿಯೂ ಆದೀತು. ಮೊದಲ ವಾರ ಅಂಗಳದಲ್ಲೇ ಪಾಠ. ಎರಡು ಹೆಜ್ಜೆ ದೂರದಿಂದ ಸಿಳ್ಳೆ, ಕೂಡಲೇ ಬಾಯಿಗೆ ಬೇಯಿಸಿದ ಮೊಟ್ಟೆಯ ಒಂದು ಚೂರು. ಹೀಗೆ ದಿನಕ್ಕೆ ಮೂರು ನಾಲ್ಕು ಸಲ, ಒಂದೊಂದು ಸಲಕ್ಕೆ ಐದು ನಿಮಿಷ. ಹೆಚ್ಚು ಮಾಡಿದರೆ ನಾಯಿಗೂ ಬೇಸರ, ಹುಡುಗನ ಹೋಂವರ್ಕಿಗೂ ತೊಂದರೆ. ಸಿಳ್ಳೆ ಊದಿ ಬರಿಗೈ ತೋರಿಸುವುದು ಈ ಹಂತದಲ್ಲಿ ದೊಡ್ಡ ತಪ್ಪು.

ಆಮೇಲೆ ಬಯಲು, ಜೊತೆಗೆ ಹಗ್ಗ. ನೂಲಿನ ಹಗ್ಗ ಹತ್ತು ಹದಿನೈದು ಮೀಟರು ಸಾಕು. ಹತ್ತಿಯ ಪೇಟೆಯೆಂದೇ ಹೆಸರಾದ ರಾಯಚೂರಿನಲ್ಲಿ ಅದಕ್ಕೇನು ಬರ! ಅದನ್ನು ಕುತ್ತಿಗೆಗೆ ಮಾತ್ರ ಕಟ್ಟಬಾರದು. ಈ ನಾಯಿಯ ತಲೆ ಸಣ್ಣದು, ಕೊರಳಪಟ್ಟಿಯಿಂದ ಸಲೀಸಾಗಿ ಜಾರುತ್ತದೆ. ಜಾರದಿದ್ದರೂ, ನಾಗಾಲೋಟದಲ್ಲಿ ಹೋಗಿ ಹಗ್ಗದ ತುದಿ ಮುಟ್ಟಿದರೆ ಕುತ್ತಿಗೆಗೇ ಪೆಟ್ಟು. ಎದೆ ಬಳಸಿ ಹಾಕುವ ಪಟ್ಟಿ ಬೇಕು. ಹಗ್ಗ ಹಿಡಿದವನು ಅಂಗೈಗೆ ಬಟ್ಟೆ ಸುತ್ತಿಕೊಳ್ಳಬೇಕು, ಇಲ್ಲವಾದರೆ ಚರ್ಮ ಕಿತ್ತುಬರುತ್ತದೆ. ಇದು ದೊಡ್ಡವರು ಹಿಡಿಯಬೇಕಾದ ಹಗ್ಗ. ಹುಡುಗ ಸಿಳ್ಳೆ ಊದಲಿ, ಅಪ್ಪ ಹಗ್ಗ ಹಿಡಿಯಲಿ.

ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಉದ್ದದ ಒಂದು ಕಲ್ಲಿದೆ. ಕೋಟೆ ಕಟ್ಟಿದ 1294ರ ಶಾಸನ ಅದರ ಮೇಲಿದೆ. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಪಕ್ಕದಲ್ಲಿ ಕೊರೆದಿದ್ದಾರೆ. ಕಲ್ಲನ್ನು ಹಾಗೆ ಎಳೆದು ತರಬಹುದು. ಹಗ್ಗದಿಂದ ಎಳೆದು ತಂದ ನಾಯಿ ಏನನ್ನೂ ಕಲಿಯುವುದಿಲ್ಲ. ಹಗ್ಗ ಇರುವುದು ಅದು ಕೈಮೀರಿ ಹೋಗದಿರಲು ಮಾತ್ರ. ಸಿಳ್ಳೆ ಊದಿದ ಮೇಲೆ ಅದರ ಕಡೆ ಓಡದೆ, ಬೆನ್ನು ತಿರುಗಿಸಿ ಓಡಬೇಕು. ಓಡುವುದನ್ನು ಕಂಡರೆ ಬೆನ್ನಟ್ಟುವುದು ಅದರ ಹುಟ್ಟುಗುಣವಲ್ಲವೇ? ಅದೇ ಗುಣ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ತಾಯಿತಂದೆಯರು ಹೆಚ್ಚಾಗಿ ಎಡವುವುದು ಇನ್ನೊಂದು ಕಡೆ. ಅರ್ಧ ಗಂಟೆ ಸತಾಯಿಸಿ ನಾಯಿ ಕೊನೆಗೂ ಬಂತು ಅನ್ನಿ. ಸಿಟ್ಟಿನಲ್ಲಿ ಎರಡು ಬಾರಿಸುತ್ತಾರೆ. ಓಡಿಹೋಗಿದ್ದಕ್ಕೆ ಹೊಡೆದೆ ಎಂದು ಹೊಡೆದವನ ಲೆಕ್ಕ. ಬಂದಿದ್ದಕ್ಕೆ ಹೊಡೆದರು ಎಂದು ನಾಯಿಯ ಲೆಕ್ಕ. ಮುಂದಿನ ಸಲ ಅದು ಒಂದು ಗಂಟೆ ಸತಾಯಿಸುತ್ತದೆ. (ಪರೀಕ್ಷೆಯ ಅಂಕಪಟ್ಟಿ ತಡವಾಗಿ ತೋರಿಸಿದ ಮಕ್ಕಳಿಗೆ ಈ ಲೆಕ್ಕ ಬೇಗ ಅರ್ಥವಾದೀತು.) ಕರೆದಾಗಲೆಲ್ಲ ಕಟ್ಟಿಹಾಕುವುದೂ ಅಷ್ಟೇ ಕೆಟ್ಟದ್ದು. ಹತ್ತು ಸಲ ಕರೆದರೆ ಒಂಬತ್ತು ಸಲ ಚೂರು ತಿನ್ನಿಸಿ ಮತ್ತೆ ಅಡ್ಡಾಡಲು ಬಿಡಬೇಕು.

ಕುರಿಯ ಪಾಠ ಕೊನೆಗೆ. ದೂರದಲ್ಲಿ ಹಿಂಡು ಕಾಣುವಷ್ಟರಲ್ಲೇ ಸಿಳ್ಳೆ ಊದಬೇಕು, ಕಿವಿ ನಿಮಿರಿ ಮೈ ಬಿಗಿಯಾಗುವ ಮುಂಚೆ. ಓಟ ಕಿತ್ತ ಮೇಲೆ ಊದಿದ ಸಿಳ್ಳೆ ಗಾಳಿಗೆ ಹೋದಂತೆ. ದಿನದಿನಕ್ಕೆ ಅಂತರ ಕಡಿಮೆ ಮಾಡುತ್ತ ಹೋದರೆ ಕೆಲವು ತಿಂಗಳಲ್ಲಿ ನಾಯಿ ಹಿಂಡನ್ನು ನೋಡಿ, ತಿರುಗಿ ಮನುಷ್ಯನ ಮುಖ ನೋಡುತ್ತದೆ. ಬೇಸಿಗೆಯಲ್ಲಿ ಇದೆಲ್ಲ ಹೊತ್ತು ಹುಟ್ಟುವ ಮುಂಚೆ ಮುಗಿಯಬೇಕು. 40 ಡಿಗ್ರಿ ದಾಟುವ ಈ ಊರಿನ ಬಿಸಿಲಿನಲ್ಲಿ ಓಡಿಸಿದರೆ ನಾಯಿ ಅಲ್ಲೇ ಕುಸಿದೀತು. ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಪಶು ಆಸ್ಪತ್ರೆಯಲ್ಲಿ ಹಾಕಿಸಿದ ಮೇಲೆಯೇ ಮಕ್ಕಳ ಕೈಗೆ ನಾಯಿ.

ಬಲಿತ ಬೇಟೆನಾಯಿ ಒಡೆಯನನ್ನು ಬದಲಿಸಿದ ಕಥೆ ಕನ್ನಡ ನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದ ಕಾಲ ಸುಮಾರು ಕ್ರಿ.ಶ. 950. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ದೊರೆ ಮೆಚ್ಚಿ, ಬೇಕಾದ್ದು ಕೇಳು ಎಂದ. ಆತ ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಆ ಯುದ್ಧ ಗೆದ್ದ ರಾಷ್ಟ್ರಕೂಟ ಕೃಷ್ಣನ ರಾಜಧಾನಿ ಮಾನ್ಯಖೇಟ, ರಾಯಚೂರಿಗೆ ಉತ್ತರದಲ್ಲಿರುವ ಇಂದಿನ ಮಳಖೇಡ. ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ನಾಯಿ ಹಂದಿಯ ಮೇಲೆರಗಿದ ಚಿತ್ರವೂ ಇದೆ. ಮಣಲೆರ ಅದನ್ನು ಏನೆಂದು ಕರೆಯುತ್ತಿದ್ದ, ಕರೆದರೆ ಅದು ಬರುತ್ತಿತ್ತೇ ಎಂಬುದು ಮಾತ್ರ ಶಾಸನದಲ್ಲಿಲ್ಲ.

ಪೇಟೆಯ ಹುಡುಗನ ನಾಯಿ ಐದಾರು ತಿಂಗಳು ಕಳೆದ ಮೇಲೆ ಊರ ಹೊರಗಿನ ಬಯಲಲ್ಲಿ ಹಗ್ಗ ಎಳೆದುಕೊಂಡು ಅಡ್ಡಾಡುತ್ತದೆ. ಹಗ್ಗದ ಇನ್ನೊಂದು ತುದಿ ಈಗ ಯಾರ ಕೈಯಲ್ಲೂ ಇಲ್ಲ. ಸಿಳ್ಳೆ ಕೇಳಿದರೆ ಹತ್ತರಲ್ಲಿ ಎಂಟೊಂಬತ್ತು ಸಲ ಓಡಿ ಬರುತ್ತದೆ. ಉಳಿದ ಒಂದೆರಡು ಸಲಕ್ಕಾಗಿ ಅಪ್ಪ ಆ ಹಗ್ಗವನ್ನು ಇನ್ನೂ ಬಿಚ್ಚಿಲ್ಲ.