ಹಾರಿಹೋದ ಒತ್ತು

ಮೊರಬದಲ್ಲಿ ನಮ್ಮ ಓಣಿಯ ಮೊದಲ ಫ್ಲೆಕ್ಸ್ ಬ್ಯಾನರ್ ಮಾಡಿದವ ನಾನೇ. 2008ರ ಬೇಸಿಗೆ. ಬಿ.ಇ. ಎರಡನೇ ವರ್ಷ ಮುಗಿಸಿ ಊರಿಗೆ ಬಂದಿದ್ದೆ. ಜಾತ್ರಿ ಹತ್ತಿರ ಇತ್ತು. ಹುಬ್ಬಳ್ಳಿಯ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಕೂತು, ಕೋರೆಲ್ ಡ್ರಾ ತೆಗೆದು, 'ಭಕ್ತರಿಗೆ ಸ್ವಾಗತ' ಅಂತ ಬರೆದೆ. ಹಳದಿಯಿಂದ ಕೆಂಪಿಗೆ ಇಳಿಯೋ ಬಣ್ಣ, ಸುತ್ತ ಬಿಳಿ ಅಂಚು, ಹಿಂದೆ ಕಪ್ಪು ನೆರಳು, ಅದರ ಹಿಂದೆ ಇನ್ನೊಂದು ಹೊಳಪು. ನನಗೆ ಗೊತ್ತಿದ್ದ ಎಫೆಕ್ಟ್ ಒಂದನ್ನೂ ಬಿಡಲಿಲ್ಲ. ಹತ್ತು ಅಡಿ ಅಗಲ ತುಂಬಲಿ ಅಂತ ಅಕ್ಷರಗಳ ನಡುವಿನ ಜಾಗವನ್ನೂ ಎಳೆದು ಹಿಗ್ಗಿಸಿದೆ.

ಅಲ್ಲಿಯ ತನಕ ಪ್ರತಿ ವರ್ಷ ಆ ಬ್ಯಾನರನ್ನ ಬಟ್ಟೆ ಮೇಲೆ ಬರೀತಿದ್ದವ ನಮ್ಮ ಕಾಕಾ. ಟ್ರ್ಯಾಕ್ಟರ್ ಟ್ರೇಲರ್, ಅಂಗಡಿ ಬೋರ್ಡು, ಸಾಲಿ ಗೋಡೆ, ಎಲೆಕ್ಷನ್ ಬಂದರೆ ಎಲ್ಲ ಪಾರ್ಟಿಯ ಚಿಹ್ನೆ, ಎಲ್ಲಾ ಅವನ ಕೈಯಿಂದಲೇ ಆಗಬೇಕು. ಆ ದಿನ ಫ್ಲೆಕ್ಸ್ ಕಟ್ಟಿದ ಮೇಲೆ ಅವ ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಇಷ್ಟೇ ಅಂದ: "ಚಂದ ಆಗೇತಿ ತಮ್ಮಾ. ಒತ್ತು ಹಾರೇತಿ ನೋಡು."

ಹೌದು. 'ಕ್ತ'ದ ಒತ್ತು 'ಕ'ದ ಕೆಳಗಿಂದ ಜಾರಿ 'ರಿ' ಕಡೆ ಹೋಗಿತ್ತು. 'ಸ್ವಾ'ದ್ದೂ ಅದೇ ಕತೆ. ಇಷ್ಟು ದೊಡ್ಡದಾಗಿ ಪ್ರಿಂಟ್ ಆಗಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕಾರಣ ಮುಂದೆ ಗೊತ್ತಾಯಿತು. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದ್ದರೂ, ಡಿಟಿಪಿ ಅಂಗಡಿಗಳು ಎಷ್ಟೋ ವರ್ಷ ಹಳೇ ಪದ್ಧತಿಯ ಫಾಂಟುಗಳಲ್ಲೇ ಕೆಲಸ ಮಾಡಿದವು. ಅವುಗಳಲ್ಲಿ ಮೂಲಾಕ್ಷರ ಒಂದು ತುಂಡು, ಒತ್ತು ಇನ್ನೊಂದು ತುಂಡು, ದೀರ್ಘ ಮತ್ತೊಂದು. ಕಂಪ್ಯೂಟರಿಗೆ ಅವು ಇಂಗ್ಲಿಷಿನ ಎ, ಬಿ, ಸಿ ಇದ್ದ ಹಾಗೆ ಬಿಡಿ ಬಿಡಿ ಅಕ್ಷರಗಳು. ಅಂತರ ಹಿಗ್ಗಿಸು ಅಂದರೆ ಒತ್ತನ್ನೂ ದೂರ ತಳ್ಳುತ್ತಿತ್ತು. ಅವೆರಡೂ ಸೇರಿ ಒಂದೇ ಅಕ್ಷರ ಅಂತ ಅದಕ್ಕೆ ಹೇಳಿದವರು ಯಾರು?

ಮುಂದಿನ ವರ್ಷ ಜಾತ್ರಿಗೆ ಕಾಕಾನನ್ನ ಯಾರೂ ಕರೀಲಿಲ್ಲ. ನಾನು ಬೆಂಗಳೂರಿಗೆ ಬಂದು ಕೋಡ್ ಬರೆಯೋದಕ್ಕೆ ಕೂತೆ. 2016ರಲ್ಲಿ ಸರಕಾರ ಪ್ಲಾಸ್ಟಿಕ್ ನಿಷೇಧ ಮಾಡಿದಾಗ ಫ್ಲೆಕ್ಸ್ ಕೂಡ ಆ ಪಟ್ಟಿಯಲ್ಲಿತ್ತು. ಇನ್ನು ಕಾಕಾನಿಗೆ ಮತ್ತೆ ಕೆಲಸ ಸಿಗಬಹುದು ಅಂತ ಸಮಾಧಾನ ಮಾಡಿಕೊಂಡೆ. ಹಾಗೇನೂ ಆಗಲಿಲ್ಲ, ನಿಮಗೂ ಗೊತ್ತು.

ಹೋದ ದೀಪಾವಳಿಗೆ ಊರಿಗೆ ಹೊರಟಾಗ ಗಿರಣಿ ಮಾಮಾನ ಫೋನು. "ಬೋರ್ಡ್ ಪೂರಾ ಅಳಸಿ ಹೋಗೇತಪಾ. ನಿಮ್ಮ ಕಾಕಾನ ಕೈ ನಡಗತಾವು. ನೀನ ಕಂಪ್ಯೂಟರಿನ್ಯಾಗ ಮಾಡಿ ಕೊಡು." ಬರೆಯಬೇಕಾದದ್ದು ಎರಡೇ ಶಬ್ದ: ಹಿಟ್ಟಿನ ಗಿರಣಿ.

ಈಗ ನನ್ನ ಲ್ಯಾಪ್‌ಟಾಪಿನಲ್ಲಿ ಇಂಕ್‌ಸ್ಕೇಪ್ ಇದೆ. 2003ರಿಂದ ಇರೋ ಉಚಿತ ತಂತ್ರಾಂಶ. ಯೂನಿಕೋಡ್ ಕನ್ನಡ ಸೀದಾ ಟೈಪ್ ಮಾಡಬಹುದು. ಪಡಸಾಲೆಯಲ್ಲಿ ಕೂತು ಒಂದು ದಪ್ಪ ಫಾಂಟ್ ಆರಿಸಿ, ಅಂಚಿಗೆ ಬಣ್ಣ ಕೊಟ್ಟೆ. 'ಟ್ಟಿ'ಯಲ್ಲಿ ಒತ್ತು ಮೇಲಿನ ಅಕ್ಷರಕ್ಕೆ ತಾಗಿದ ಜಾಗದಲ್ಲಿ ಅಂಚಿನ ಗೆರೆ ಒಳಗೆಲ್ಲ ಹಾದು, ಒಡೆದ ಗಡಿಗೆ ಅಂಟಿಸಿದ ಹಾಗೆ ಕಂಡಿತು. ಇದರ ಪರಿಹಾರ ಸರಳ, ನಿಮಗೂ ಉಪಯೋಗ ಆದೀತು. ಮೊದಲು ಅಕ್ಷರಗಳನ್ನ ಪಾತ್ ಮಾಡಬೇಕು, ಅಂದರೆ ಟೈಪ್ ಮಾಡಿದ್ದನ್ನ ಚಿತ್ರವಾಗಿ ಬದಲಿಸಬೇಕು. ಗುಂಪು ಬಿಡಿಸಬೇಕು. ಆಮೇಲೆ ಯೂನಿಯನ್ ಕೊಟ್ಟು ತುಂಡುಗಳನ್ನೆಲ್ಲ ಒಂದು ಮಾಡಬೇಕು. ಅಂಚು, ನೆರಳು, ಬಣ್ಣ ಎಲ್ಲಾ ಅದಾದ ಮೇಲೆ. ಅವಸರದಲ್ಲಿ ಬ್ರೇಕ್ ಅಪಾರ್ಟ್ ಒತ್ತಿದಿರೋ, 'ರ' ಹೊಟ್ಟೆಯೊಳಗಿನ ಖಾಲಿ ಜಾಗ ತುಂಬಿ ಬರೀ ಗುಂಡು ಉಳಿಯುತ್ತದೆ.

ಎಲ್ಲಾ ಮುಗಿಸಿ, ನೆರಳು ಹಾಕಿ, ಕಾಕಾನಿಗೆ ತೋರಿಸಿದೆ. ಈ ಸಲ ಒತ್ತು ಹಾರಿರಲಿಲ್ಲ. ಅವ ಚಷ್ಮಾ ಏರಿಸಿದ.

"ನೆಳ್ಳು ಬಲಕ್ಕ ಯಾಕ ಬೀಳಿಸಿದಿ?"

"ಡೀಫಾಲ್ಟ್ ಹಂಗ ಐತಿ ಕಾಕಾ."

"ಯಾರ ಡೀಫಾಲ್ಟಲೇ ಅದು? ನಮ್ಮ ಒತ್ತು ಎಲ್ಲಿ ಕುಂದರತೈತಿ? ಕೆಳಗ, ಬಲಕ್ಕ. ನೆಳ್ಳೂ ಅಲ್ಲೇ ಬಿದ್ದರ ಒತ್ತು ಎಲ್ಲಿ ಹೋಗಬೇಕು? ಎಡಕ್ಕ ಹಾಕು, ಅಲ್ಲಿ ಜಾಗಾ ಖಾಲಿ ಐತಿ."

ಹದಿನೈದು ವರ್ಷ ನಾನು ಈ ನೆರಳನ್ನ ಬಲಕ್ಕೇ ಹಾಕಿದ್ದೇನೆ. ಆಫೀಸಿನ ರಾಜ್ಯೋತ್ಸವದ ಪೋಸ್ಟರಿಗೂ ಹಾಗೇ. ನೆರಳನ್ನ ಎಡಕ್ಕೆ ಸರಿಸಿದೆ. 'ಟ್ಟಿ' ಒಮ್ಮೆಲೇ ಉಸಿರಾಡಿತು.

"ಇನ್ನ ಅಕ್ಷರಕ್ಕೂ ನೆಳ್ಳಿಗೂ ನಡುವ ದಾರದಷ್ಟು ಜಾಗಾ ಬಿಡು. ಹತ್ತಿಸಬ್ಯಾಡ. ದೂರಿಂದ ನೋಡಿದವರಿಗೆ ಅಕ್ಷರ ಮ್ಯಾಲೆ ಎದ್ದಂಗ ಕಾಣತೈತಿ." ಅಕ್ಷರದ್ದೇ ಒಂದು ನಕಲು ತೆಗೆದು, ಸ್ವಲ್ಪ ಹಿಗ್ಗಿಸಿ, ಬೋರ್ಡಿನ ಬಣ್ಣ ಕೊಟ್ಟು ನಡುವೆ ಇಟ್ಟೆ. ಕೆಳಗೆ ನೆರಳು, ಮಧ್ಯೆ ಇದು, ಮೇಲೆ ಅಕ್ಷರ. ಮೂರು ಪದರು. ಅವ ಅದನ್ನ ಬ್ರಶ್ಶಿನಲ್ಲಿ ನಡುವೆ ಖಾಲಿ ಬಿಟ್ಟೇ ಮಾಡುತ್ತಿದ್ದ.

ಆಮೇಲೆ ಫಾಂಟ್ ಬೇಡ ಅನಿಸಿತು. ಹಳೇ ಬೋರ್ಡಿನ ಫೋಟೋ ತೆಗೆದು ಟ್ರೇಸ್ ಕೊಟ್ಟರೆ, ಬಿರುಕು ಬಿಟ್ಟ ಬಣ್ಣದ ಒಂದೊಂದು ಚೂರೂ ಗೆರೆಯಾಗಿ ಬಂತು. ಅಳಿಸಿ, ಪೆನ್ ಟೂಲ್ ಹಿಡಿದು ಕೈಯಿಂದಲೇ ಎಳೆದೆ. ನನ್ನ 'ಗಿ'ಗೆ ಮೂವತ್ತಕ್ಕಿಂತ ಹೆಚ್ಚು ನೋಡ್ ಆದವು, ಬಳುಕು ಎಲ್ಲಾ ಉಬ್ಬು ತಗ್ಗು. ಕಾಕಾ ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದ, ಬ್ರಶ್ ಎಲ್ಲಿ ಇಳಿಯತೈತಿ, ಎಲ್ಲಿ ತಿರುಗತೈತಿ, ಎಲ್ಲಿ ಏಳತೈತಿ. ಆ ಜಾಗದಲ್ಲಷ್ಟೇ ನೋಡ್ ಇಟ್ಟು ಉಳಿದದ್ದು ಅಳಿಸಿದೆ. ಗೆರೆ ನುಣುಪಾಯಿತು. ಬೆರಳು ನಡುಗುತ್ತಿದ್ದರೂ ತಿರುವು ಒಂದೂ ತಪ್ಪಲಿಲ್ಲ.

ಫ್ಲೆಕ್ಸ್ ಮಾಡಿಸಲಿಲ್ಲ. ಅಳತೆಗೆ ಸರಿಯಾಗಿ ಹುಬ್ಬಳ್ಳಿಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆಸಿದೆ. ಕಾಕಾ ಹೇಳಿದ ಹಾಗೆ ಗೆರೆ ಗುಂಟ ಸೂಜಿಯಿಂದ ತೂತು ಹಾಕಿ, ತಗಡಿಗೆ ಅಂಟಿಸಿ, ಇದ್ದಲಿ ಪುಡಿಯ ಗಂಟನ್ನ ಅದರ ಮೇಲೆ ಬಡಿದೆ. ಕಾಗದ ತೆಗೆದರೆ ಚುಕ್ಕಿ ಚುಕ್ಕಿಯಾಗಿ ಅಕ್ಷರ. ಎರಡು ದಿನ ಅವ ಕುರ್ಚಿ ಹಾಕಿಕೊಂಡು ಕೂತ, ನಾನು ಪೇಂಟ್ ತುಂಬಿದೆ. ನಡುನಡುವೆ ಬೈಸಿಕೊಂಡೆ. ಆ ಹಳೇ ಜಾತ್ರಿ ಬ್ಯಾನರಿನ ಮಾತು ತೆಗೆಯಬೇಕು ಅಂತ ಎರಡು ಸಲ ಬಾಯಿ ತೆರೆದೆ, ಆಗಲಿಲ್ಲ.

ಕೊನೆಗೆ ಬ್ರಶ್ ಅವನ ಕೈಗೆ ಕೊಟ್ಟೆ. ಬಲಗಡೆ ಕೆಳಗಿನ ಮೂಲೆಯಲ್ಲಿ ಮೊದಲಿನಿಂದಲೂ ಅವನ ಹೆಸರು ಇರುತ್ತಿತ್ತು, ಆ ಜಾಗ ಖಾಲಿ ಬಿಟ್ಟಿದ್ದೆ. ಒಂದು ಕೈಯಿಂದ ಇನ್ನೊಂದು ಕೈ ಹಿಡಿದುಕೊಂಡು, ಹತ್ತು ನಿಮಿಷ ತಗೊಂಡು ಬರೆದ. ಅಕ್ಷರ ಸೊಟ್ಟ ಇದ್ದವು.

"ಇದಕ್ಕ ನೆಳ್ಳು ಹಾಕಲೇನು ಕಾಕಾ?" ಅಂದೆ.

"ಬ್ಯಾಡ," ಅಂದ. "ಸಣ್ಣ ಅಕ್ಷರಕ್ಕ ನೆಳ್ಳು ಹಾಕಬಾರದು. ಓದಾಕ ಬರಂಗಿಲ್ಲ."