ಡೊಂಬಿವಲಿಯಿಂದ ಐರೋಲಿಗೆ

1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ಉಗಿಬಂಡಿ ಓಡಿತು. ಹದಿನಾಲ್ಕು ಡಬ್ಬಿ, ಮೂರು ಎಂಜಿನು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಅದೇ ಠಾಣೆಯಲ್ಲಿ ನಾವು ಗಂಡಹೆಂಡಿರು ವಾರಕ್ಕೆ ಮೂರು ದಿನ ಗಾಡಿ ಬದಲಿಸುತ್ತೇವೆ. ಮನೆ ಡೊಂಬಿವಲಿಯಲ್ಲಿ, ಕೆಲಸ ನವಿ ಮುಂಬಯಿಯ ಐರೋಲಿಯಲ್ಲಿ, ನಡುವೆ ಪಾರಸಿಕ ಗುಡ್ಡ. ಗುಡ್ಡದಾಚೆಯ ಊರಿಗೆ ಠಾಣೆಯ ಸುತ್ತು! 2004ರಲ್ಲಿ ಠಾಣೆ–ವಾಶಿ ಮಾರ್ಗವಾದುದರಿಂದ ಅಷ್ಟಾದರೂ ಅನುಕೂಲ.

ಅಂತರ್ಜಾಲದ ಪುಟಗಳನ್ನು ಕಟ್ಟುವುದು ನಮ್ಮ ಉದ್ಯೋಗ. ಪುಟವೊಂದು ಅರ್ಧ ಸೆಕೆಂಡು ಬೇಗ ತೆರೆಯಲೆಂದು ದಿನವೆಲ್ಲ ಹೆಣಗುತ್ತೇವೆ. ಗಾಡಿಗೆ ಮಾತ್ರ ಮೂರು ತಾಸು ಧಾರೆಯೆರೆಯುತ್ತೇವೆ.

2020ರ ಮಾರ್ಚಿನಲ್ಲಿ ಲೋಕಲುಗಳು ನಿಂತು ಕೆಲಸವೇ ಮನೆಗೆ ಬಂದಿತು. ಎರಡೇ ಕೋಣೆ; ಅಡಿಗೆಕಟ್ಟೆಯ ಮೇಲೆ ಗಣಕಯಂತ್ರ; ಕುಕ್ಕರಿನ ಸೀಟಿ ಸಭೆಗೆಲ್ಲ ಕೇಳುತ್ತಿತ್ತು. ಆದರೆ ಮೂರು ವರ್ಷದ ಮಗಳು ಹಗಲೆಲ್ಲ ನಮ್ಮ ಮಾತು ಕೇಳಿ ಕೇಳಿ, "ಅವ್ವಾ, ಉಪ್ಪಿಟ್ಟು ಹೊತ್ತಾಕತ್ತೈತಿ" ಎಂದು ಅಪ್ಪಟ ಧಾರವಾಡದವಳಂತೆ ಕೂಗಿದಳು. ಉಪ್ಪಿಟ್ಟು ಹೊತ್ತಿದ್ದೂ ನಿಜವೇ.

ಈಗ ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಮರಾಠಿ. ನಾವು ಮರಳುವ ಹೊತ್ತಿಗೆ ಅವಳಿಗೆ ಅರೆನಿದ್ದೆ. ರಾತ್ರಿ ಎಂಟಕ್ಕೆ ಅಜ್ಜಿ ಧಾರವಾಡದಿಂದ ಫೋನಿನ ತೆರೆಯಲ್ಲಿ ಮೂಡಿ ಕಥೆ ಹೇಳುತ್ತಾರೆ. ಆ ಪುಟ್ಟ ಯಂತ್ರಕ್ಕೆ ನಾವು ಋಣಿಗಳು. ಆದರೂ ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಮೊಮ್ಮಗಳು ಮರಾಠಿಯಲ್ಲಿ ಉತ್ತರಿಸುವುದುಂಟು. ಅಜ್ಜಿ ನಗುತ್ತಾರೆ, ನಮಗೆ ನಗು ಬಾರದು.

ಮನೆಯಿಂದಲೇ ಕೆಲಸಮಾಡುವ ಎರಡು ದಿನ, ಅವಳು ಶಾಲೆಯಿಂದ ಬಂದೊಡನೆ ಒಂದು ತಾಸು ಯಂತ್ರ ಮುಚ್ಚುತ್ತೇವೆ. ಚಹ, ಚುರುಮುರಿ, ಮಾತು. ಕಳೆದ ವಾರ ಫಡಕೆ ರಸ್ತೆಯ ಪೇಟೆಗೆ ಹೋದಾಗ ತರಕಾರಿಗಳಿಗೆಲ್ಲ ಕನ್ನಡದ ಹೆಸರು ಕೇಳಿದಳು. ಹೀರೇಕಾಯಿಯವರೆಗೆ ಬಂದಿದ್ದೇವೆ.